ಮೂವತ್ತೊಂದನೇ ಪುಟದ ಬಗ್ಗೆ ನನ್ನ ಸಮಜಾಯಿಷಿ

ಮಾನ್ಯ ಓದುಗರ ಅವಗಾಹನೆಗೆ ಮೊದಲೇ ತರಬಯಸುವುದೇನೆಂದರೆ, ನಾನು ಇದುವರೆಗೆ ಕಚೇರಿ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲ. ರಜೆಯ ಅರ್ಜಿ, ಬಿಸಿಯೂಟದ ವರದಿ, ಸೋರುವ ಕೋಣೆಯ ದುರಸ್ತಿಗಾಗಿ ಮನವಿ, ಮತ್ತೆ ಅದೇ ಕೋಣೆಗಾಗಿ ಜ್ಞಾಪನ ಪತ್ರ. ಮೂವತ್ತು ವರ್ಷಗಳ ಶಿಕ್ಷಕ ವೃತ್ತಿಯಲ್ಲಿ ನನ್ನ ಕೈಗೆ ಅಭ್ಯಾಸವಾಗಿರುವ ಬರವಣಿಗೆ ಇಷ್ಟೇ. ಆದ್ದರಿಂದ ಈ ಬರಹದಲ್ಲಿ ಪತ್ರದ ಧಾಟಿ ಕಂಡುಬಂದಲ್ಲಿ ದಯವಿಟ್ಟು ಮನ್ನಿಸಬೇಕು. ಬೇರೆ ಧಾಟಿಯಲ್ಲಿ ಎರಡು ಸಲ ಆರಂಭಿಸಿ ನೋಡಿದೆ. ಎರಡೂ ಸಲ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಈ ಧಾಟಿಯಲ್ಲಿ ಪೆನ್ನು ಮುಂದೆ ಹೋಗುತ್ತದೆ.

ವಿಷಯವೇನೆಂದರೆ, ನಾನು ನಿವೃತ್ತಿಯಾಗಲು ಏಳು ತಿಂಗಳು ಉಳಿದಿದ್ದಾಗ, ನನಗೆ ಹೆಚ್ಚುವರಿಯಾಗಿ ಪಾವತಿಯಾಗಿದೆ ಎನ್ನಲಾದ ವೇತನವನ್ನು ವಸೂಲು ಮಾಡಲು ಆದೇಶವಾಯಿತು.

ಆ ದಿನ ಕಮಲಾಪುರದ ನಮ್ಮ ಶಾಲೆಯಲ್ಲಿ ಮೂರನೇ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಮುಖ್ಯ ಗುರುಗಳು ಬಾಗಿಲಲ್ಲಿ ನಿಂತು ಬೆರಳಿನಿಂದ ಕರೆದರು. ಅವರು ಸಾಮಾನ್ಯವಾಗಿ ಅಲ್ಲಿಂದಲೇ ಕೂಗುವವರು. ಸೀಮೆಸುಣ್ಣವನ್ನು ಕೈಯಲ್ಲೇ ಹಿಡಿದುಕೊಂಡು ಹೋದೆ. ಅವರ ಕೋಣೆಯಲ್ಲಿ ಲಕೋಟೆ ಒಡೆದಿತ್ತು.

"ಟೀಚರ್, ಗಾಬರಿ ಆಗಬ್ಯಾಡ್ರಿ. ನಿಮ್ಮ ಮ್ಯಾಲ ರಿಕವರಿ ಬಂದದ" ಎಂದರು.

ಒಂದು ಲಕ್ಷ ಹದಿನೆಂಟು ಸಾವಿರದ ಆರುನೂರು ರೂಪಾಯಿ. ಪ್ರತಿ ತಿಂಗಳ ವೇತನದಿಂದ ಐದು ಸಾವಿರ ಕಡಿತ, ಉಳಿದದ್ದು ನಿವೃತ್ತಿಯ ಸಮಯದಲ್ಲಿ ಉಪದಾನದಿಂದ, ಅಂದರೆ ಗ್ರಾಚ್ಯುಟಿಯಿಂದ, ಒಟ್ಟಿಗೆ ಕಡಿತ. ಕಾರಣವಿಷ್ಟು: ಹದಿನಾಲ್ಕು ವರ್ಷಗಳ ಹಿಂದೆ ನಾನು ನೂರ ಹನ್ನೆರಡು ದಿನ ವೇತನರಹಿತ ರಜೆಯಲ್ಲಿದ್ದೆ, ಅಷ್ಟು ದಿನ ವಾರ್ಷಿಕ ವೇತನ ಬಡ್ತಿ ಮುಂದಕ್ಕೆ ಹೋಗಬೇಕಾಗಿತ್ತು, ಹೋಗಿಲ್ಲ, ಆ ದಿನಗಳ ಸಂಬಳವನ್ನೂ ಪಡೆದಿದ್ದೇನೆ. ಇದು ಲೆಕ್ಕ ಪರಿಶೋಧಕರ ಆಕ್ಷೇಪಣೆ. ಇಲ್ಲಿಯವರೆಗೆ ನಾನು ನಿಂತುಕೊಂಡೇ ಓದಿದೆ. ಕೊನೆಯ ಪ್ಯಾರಾದಲ್ಲಿ "ಸದರಿ ಶಿಕ್ಷಕಿಯು ವಾಸ್ತವಾಂಶವನ್ನು ಮರೆಮಾಚಿ ವೇತನ ಪಡೆದಿರುವುದರಿಂದ" ಎಂದಿತ್ತು. ಅದನ್ನು ಓದಿದ ಮೇಲೆ ಕುರ್ಚಿ ಹುಡುಕಬೇಕಾಯಿತು.

ಆ ರಜೆಯ ವೃತ್ತಾಂತವನ್ನು ಇಲ್ಲಿ ನಿವೇದಿಸುವುದು ಅವಶ್ಯವಾಗಿದೆ. ಆ ವರ್ಷ ನಮ್ಮನ್ನು ಗಣತಿ ಕೆಲಸಕ್ಕೆ ಹಾಕಿದ್ದರು. ಕಮಲಾಪುರದ ಆಚೆಯ ಒಂದು ತಾಂಡಾದಲ್ಲಿ ಮನೆ ಮನೆಗೆ ನಂಬರು ಬರೆಯುತ್ತ ಹೋಗುವಾಗ ಹಾಸುಗಲ್ಲಿನ ಮೆಟ್ಟಿಲಿನಿಂದ ಜಾರಿದೆ. ಬಲಗಾಲಿನ ಮೂಳೆ ಮುರಿಯಿತು. ತಾಂಡಾದ ಹೆಂಗಸರು ನನ್ನನ್ನು ಹೊರಸಿನ ಮೇಲೆ ಹೊತ್ತು ರಸ್ತೆಗೆ ತಂದರು; ಒಬ್ಬ ಮುದುಕಿ ಗಣತಿಯ ಫಾರಂಗಳನ್ನು ತನ್ನ ಸೆರಗಿನಲ್ಲಿ ಕಟ್ಟಿಕೊಂಡು, ಒಂದೂ ಕಳೆಯದಂತೆ, ಜೀಪಿನವರೆಗೆ ಬಂದಳು. ಸುಮಾರು ನಾಲ್ಕು ತಿಂಗಳು ನಾನು ಎದ್ದು ನಡೆಯಲಿಲ್ಲ. ವೈದ್ಯರ ಪ್ರಮಾಣ ಪತ್ರ ಕಚೇರಿಗೆ ತಡವಾಗಿ ತಲುಪಿದ್ದರಿಂದ ಮೊದಲು ಅಷ್ಟೂ ದಿನಗಳನ್ನು ವೇತನರಹಿತವೆಂದು ಬರೆದರು. ಆಮೇಲೆ, ಅಂದಿನ ಅಧಿಕಾರಿಗಳು ಪ್ರಮಾಣ ಪತ್ರ ನೋಡಿ, ಅದನ್ನು ವೇತನಸಹಿತ ವೈದ್ಯಕೀಯ ರಜೆಯಾಗಿ ಬದಲಾಯಿಸಿ ಆದೇಶ ಮಾಡಿದರು. ಆದೇಶದ ಪ್ರತಿ ನನ್ನ ಕೈಗೂ ಬಂದಿತ್ತು. ಕಲಬುರಗಿಯಲ್ಲಿ ಮೂರು ಬಾಡಿಗೆ ಮನೆ ಬದಲಿಸುವಷ್ಟರಲ್ಲಿ ಅದು ಎಲ್ಲಿ ಹೋಯಿತೋ ನನಗೆ ತಿಳಿಯದು. ಅದರ ಸಂಖ್ಯೆಯೂ ನೆನಪಿರಲಿಲ್ಲ.

ಅಂದರೆ ಸರ್ಕಾರದ ಕೆಲಸದಲ್ಲಿ ಕಾಲು ಮುರಿದುಕೊಂಡವಳು ಸರ್ಕಾರಕ್ಕೆ ಮೋಸ ಮಾಡಿದವಳೆಂದು ಈಗ ಕಾಗದದಲ್ಲಿತ್ತು.

ನಮ್ಮ ತಂದೆ ಕಲ್ಲು ಗಣಿಯಲ್ಲಿ ಕೂಲಿ ಮಾಡಿದವರು. ಅವರ ಆಯುಷ್ಯದ ಎಲ್ಲ ಕಾಗದಗಳ ಮೇಲೆ ಇದ್ದದ್ದು ಅವರ ಎಡಗೈ ಹೆಬ್ಬೆಟ್ಟು. ನನಗೆ ನೌಕರಿಯಾದಾಗ, ನಮ್ಮ ರಜೆ, ಸಂಬಳ ಎಲ್ಲವನ್ನೂ ನಮೂದಿಸುವ ಸೇವಾ ಪುಸ್ತಕದ ಮೊದಲ ಪುಟದಲ್ಲಿ ನನ್ನ ಐದೂ ಬೆರಳುಗಳ ಗುರುತು ತೆಗೆದುಕೊಂಡರು. ಮನೆಗೆ ಬಂದು ಮಸಿ ತೊಳೆಯುತ್ತಿದ್ದಾಗ ಅವರು ನಕ್ಕಿದ್ದರು. "ನಾ ಒಂದ ಬೆರಳ ಒತ್ತೀನಿ, ನೀ ಇಷ್ಟ ಓದಿ ಐದ ಒತ್ತಿದೆಲ್ಲ!" ಆಮೇಲೆ ನನ್ನ ಕೈಗೆ ನೀರು ಹಾಕುತ್ತ, "ಆ ಬುಕ್ಕದಾಗ ಏನೂ ಕೆಟ್ಟ ಬರೆಸ್ಕೋಬ್ಯಾಡವ್ವ" ಎಂದಿದ್ದರು. ಬುದ್ಧನ ಪಟದ ಕೆಳಗೆ ಈಗ ಅವರ ಫೋಟೊ ಇದೆ. ಆದೇಶ ಬಂದ ಸಾಯಂಕಾಲ ನಾನು ಆ ಗೋಡೆಯ ಕಡೆ ನೋಡದೆ ದೀಪ ಹಚ್ಚಿದೆ.

ನನ್ನ ಯಜಮಾನರು ಸ್ಟೇಶನ್ ಬಜಾರದ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಾರೆ. ಆದೇಶವನ್ನು ಎರಡು ಸಲ ಓದಿಸಿ ಕೇಳಿದರು.

"ಹದಿನಾಲ್ಕ ವರ್ಷಾ? ನಿಮ್ಮ ಆಫೀಸಿಗಿಂತ ನನ್ನ ಪ್ಯಾಸೆಂಜರ್ ಚಲೋ. ಹತ್ತ ರೂಪಾಯಿ ಹೆಚ್ಚ ತಗೊಂಡ್ರ ಇಳಿಯೋದ್ರೊಳಗ ಕಾಲರ್ ಹಿಡೀತಾನ. ಹದಿನಾಲ್ಕ ವರ್ಷ ಸುಮ್ನ ಕುಂತು ಆಮ್ಯಾಲ ಮನಿಗಿ ಬರಂಗಿಲ್ಲ."

ನನಗೆ ನಗು ಬರಲಿಲ್ಲ. ಮರುದಿನ ಮುಖ್ಯ ಗುರುಗಳು ಉಪಾಯ ಹೇಳಿದರು.

"ರಿಟೈರ್ಮೆಂಟ್ ಬಗಲಾಗ ಇದ್ದೋರಿಂದ ಹಿಂಗ ವಸೂಲಿ ಮಾಡ್ಲಾಕ ಬರಂಗಿಲ್ಲಂತ ಕೋರ್ಟಿನಾಗ ತೀರ್ಪ ಅವರೀ ಟೀಚರ್. ಟ್ರಿಬ್ಯುನಲ್ಲಿಗಿ ಹಾಕ್ರಿ. ರೊಕ್ಕ ಉಳೀತದ."

"ರೊಕ್ಕ ಉಳೀತದ್ರಿ ಸರ್. ಆ ಮಾತು?"

"ಯಾ ಮಾತು?"

"ಮರೆಮಾಚಿ ಅನ್ನೋದು."

"ಏ, ಅದೇನ್ ಕಡೀತದೇನ್ರಿ? ಬಿಡ್ರಿ ಅತ್ಲಾಗ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನಿವೃತ್ತಿ ಹತ್ತಿರವಿದೆ ಎಂಬ ಕಾರಣಕ್ಕೆ ಹಣ ಬಿಟ್ಟುಕೊಟ್ಟರೆ ಹಣ ಮಾತ್ರ ಉಳಿಯುತ್ತಿತ್ತು. ಆ ಮಾತು ಸೇವಾ ಪುಸ್ತಕದಲ್ಲೇ ಉಳಿದು, ಅದರೊಂದಿಗೇ ನಾನು ಮನೆಗೆ ಹೋಗಬೇಕಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಆ ಮಾತನ್ನು ತೆಗೆಸುವುದು. ಇಷ್ಟನ್ನು ಅಂದು ಮುಖ್ಯ ಗುರುಗಳಿಗೆ ಬಿಡಿಸಿ ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಈಗ ಇಲ್ಲಿ ಹೇಳಿದ್ದೇನೆ.

ನಮ್ಮ ಸೇವಾ ಪುಸ್ತಕಗಳು ಕಲಬುರಗಿಯ ಕಚೇರಿಯಲ್ಲಿರುತ್ತವೆ. ಒಂದು ದಿನ ರಜೆ ಹಾಕಿ ಅಲ್ಲಿಗೆ ಹೋದೆ. ನಮ್ಮ ಕಡತಗಳನ್ನು ನೋಡಿಕೊಳ್ಳುವ ಗುಮಾಸ್ತೆ ಚಿಕ್ಕ ವಯಸ್ಸಿನ ಹುಡುಗಿ. ನೌಕರಿಗೆ ಬಂದು ಎರಡು ವರ್ಷವಾಗಿರಬೇಕು. ಬಟ್ಟೆಯ ಗಂಟು ಬಿಚ್ಚಿ ನನ್ನ ಪುಸ್ತಕ ತೆಗೆದಳು.

"ನೋಡ್ರಿ ಮೇಡಂ, ಮೂವತ್ತನೇ ಪುಟದಾಗ ವೇತನರಹಿತ ಅಂತ ಅದ. ಬದ್ಲಿ ಮಾಡಿದ್ದು ಎಲ್ಲೂ ಇಲ್ಲ. ಆರ್ಡರ್ ನಂಬರ್ ಕೊಟ್ರ ಹಳೇ ದಫ್ತರ್ ಕೋಣಿ ಹುಡುಕ್ತೀನಿ. ನಂಬರ್ ಇಲ್ದ ಆ ಕೋಣ್ಯಾಗ ಹ್ವಾದ್ರ ನಾನೂ ಸಿಗಂಗಿಲ್ಲ."

"ನಾ ಮುಚ್ಚಿಟ್ಟೀನಂತ ಬರದಾರಲ್ಲ ತಂಗಿ..."

ಅವಳು ಪುಟಗಳನ್ನು ತಿರುವಿ, ವರ್ಷಕ್ಕೊಂದರಂತೆ ನನ್ನ ಸಹಿಗಳನ್ನು ತೋರಿಸಿದಳು. ಪ್ರತಿಯೊಂದರ ಮೇಲೂ ಒಂದೇ ವಾಕ್ಯ: "ನಮೂದುಗಳನ್ನು ಪರಿಶೀಲಿಸಿದೆ, ಸರಿಯಾಗಿವೆ."

ಈ ಸಹಿಗಳ ಬಗ್ಗೆ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ವರ್ಷಕ್ಕೊಮ್ಮೆ ಶಿಕ್ಷಕರೆಲ್ಲರೂ ತಮ್ಮ ಸೇವಾ ಪುಸ್ತಕ ಓದಿ ಸಹಿ ಮಾಡಬೇಕೆಂಬುದು ನಿಯಮ. ರೂಢಿ ಬೇರೆ. ಆ ದಿನ ಕಚೇರಿಯ ಜಗಲಿಯ ಮೇಲೆ ಪುಸ್ತಕಗಳ ಗುಡ್ಡೆ ಹಾಕಿರುತ್ತಾರೆ, ಸಹಿ ಬೇಕಾದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿರುತ್ತಾರೆ. ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಪುಸ್ತಕ ಇಟ್ಟು ಸಹಿ ಹಾಕುವುದು, ಮಿರ್ಚಿ ಭಜಿ ತಿನ್ನುವುದು, ವರ್ಗಾವಣೆಯ ಸುದ್ದಿ ಮಾತಾಡುವುದು, ಐದರ ಬಸ್ಸು ಹಿಡಿಯುವುದು. ಓದುತ್ತ ಕುಳಿತವರನ್ನು, "ಏನ್ರೀ, ಪರೀಕ್ಷಾ ಅದ ಏನು?" ಎಂದು ಚೇಷ್ಟೆ ಮಾಡುತ್ತಿದ್ದೆವು. ನಾನೂ ಮಾಡಿದ್ದೇನೆ. ಮಕ್ಕಳಿಗೆ, "ಓದದೆ ಸಹಿ ಹಾಕಿಸಿಕೊಂಡು ಬರಬೇಡಿ" ಎಂದು ಪ್ರಗತಿ ಪತ್ರ ಕೊಟ್ಟು ಕಳಿಸುವವಳು ಮೂವತ್ತು ವರ್ಷ ಓದದೆ ಸಹಿ ಹಾಕಿದ್ದೆ.

ಆ ನಾಚಿಕೆಯಲ್ಲೇ ಅಂದು ಮೊದಲ ಸಲ ಪುಸ್ತಕ ಓದಿದೆ. ಮೊದಲಿಂದ. ಗುಮಾಸ್ತೆ ತನ್ನ ಕೆಲಸ ಮಾಡಿಕೊಂಡಿದ್ದಳು. ಮೂವತ್ತನೇ ಪುಟದ ಅಡಿಯಲ್ಲಿ, ವೇತನರಹಿತ ಎಂಬ ಸಾಲಿನ ಕೆಳಗೆ, ದುಂಡಗಿನ ಹಳೆಯ ಅಕ್ಷರಗಳಲ್ಲಿ "ಮುಂದಿನ ಪುಟ ನೋಡಿ" ಎಂದಿತ್ತು. ಮೂವತ್ತೊಂದನೇ ಪುಟದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅಲ್ಲಿ ಇದ್ದದ್ದು ಅದರ ಮರುವರ್ಷದ ವೇತನ ಪರಿಷ್ಕರಣೆಯ ಹಾಳೆ. ಸಂಬಳ ಎಷ್ಟರಿಂದ ಎಷ್ಟಕ್ಕೆ ಏರಿತೆಂಬ ಅಚ್ಚಿನ ತಖ್ತೆಯನ್ನು ಪುಟದ ತುಂಬ ಅಂಟಿಸಿದ್ದರು.

ಮೂರನೇ ತರಗತಿಯ ಮಕ್ಕಳು ನೋಟ್‌ಬುಕ್ಕಿನಲ್ಲಿ ಲೆಕ್ಕ ತಪ್ಪಿದಾಗ ಅದರ ಮೇಲೆ ಬೇರೆ ಕಾಗದ ಅಂಟಿಸಿ ತರುತ್ತಾರೆ. ಅದನ್ನು ಕಣ್ಣಿನಿಂದ ಹಿಡಿಯಲಾಗುವುದಿಲ್ಲ, ಹೆಬ್ಬೆರಳಿನಿಂದ ಹಿಡಿಯಬೇಕು. ಪುಟದ ಮೂಲೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದೆ. ದಪ್ಪವಾಗಿತ್ತು. ಕಿಟಕಿಯ ಹತ್ತಿರ ಪುಸ್ತಕ ಎತ್ತಿ ಬಿಸಿಲಿಗೆ ಹಿಡಿದೆ. ಅಚ್ಚಿನ ಅಂಕಿಗಳ ಹಿಂದೆ, ಓದಲಾಗದಷ್ಟು ಮಸುಕಾಗಿ, ಕೈಬರಹದ ಸಾಲುಗಳಿದ್ದವು.

"ಇದರ ಕೆಳಗ ಬರದಾರ!" ನನ್ನ ಧ್ವನಿ ಇಡೀ ಕೋಣೆಗೆ ಕೇಳಿಸಿತು.

ಗುಮಾಸ್ತೆ ಓಡಿ ಬಂದು ಪುಸ್ತಕ ಕಸಿದುಕೊಂಡಳು. "ಉಗುರ ಹಚ್ಚಬ್ಯಾಡ್ರಿ ಮೇಡಂ! ಇದು ದಾಖಲೆ. ಹರದ್ರ ಈಗಿರೋ ರಿಕವರಿ ಬಿಡ್ರಿ, ನೀವೂ ನಾನೂ ಇಬ್ಬರೂ ಸಸ್ಪೆಂಡ್." ಆಮೇಲೆ ತಾನೂ ಬಿಸಿಲಿಗೆ ಹಿಡಿದು ನೋಡಿದಳು. ಮೆಲ್ಲಗೆ, "ಅಕ್ಷರ ಹಳೇ ಸಾಹೇಬ್ರುದು, ಮೊದ್ಲ ಈ ಟೇಬಲ್ ನೋಡ್ತಿದ್ದ ಗುಮಾಸ್ತ್ರು. ರಿಟೈರ್ ಆಗ್ಯಾರ, ಕೋಟೆ ಹತ್ರ ಇರ್ತಾರ. ಅವ್ರಿಗಿ ಕೇಳ್ರಿ" ಎಂದಳು.

ಈ ನಡುವೆ ನನ್ನ ಲಿಖಿತ ಉತ್ತರಕ್ಕೆ ಆದೇಶದಲ್ಲಿ ಕೊಟ್ಟ ಗಡುವು ಮುಗಿದು, ಮೊದಲ ಐದು ಸಾವಿರ ಕಡಿತವಾಗಿ ಸಂಬಳ ಬಂದಿತು. ಮುಂದಿನ ತಿಂಗಳೂ ಕಡಿತವಾಯಿತು. ಹಳೇ ಸಾಹೇಬರ ಮನೆ ಪತ್ತೆಯಾಗಲು ಅಷ್ಟು ದಿನ ಹಿಡಿಯಿತು. ಅವರು ಮಗಳ ಊರಿಗೆ ಹೋಗಿದ್ದರು.

ಬಂದಿದ್ದಾರೆಂದು ತಿಳಿದ ದಿನವೇ ಕಮಲಾಪುರದ ಬಸ್ ನಿಲ್ದಾಣದಲ್ಲಿ ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡು, ಸಾಯಂಕಾಲ ಯಜಮಾನರ ಆಟೋದಲ್ಲಿ ಕೋಟೆಯ ಹಿಂದಿನ ಗಲ್ಲಿಗೆ ಹೋದೆ. ಬಾಗಿಲಿಗೆ ಪರದೆ ಹಾಕಿದ ಸಣ್ಣ ಮನೆ. ಸಾಹೇಬರು ಹೊರಗೆ ಕುರ್ಚಿ ಹಾಕಿಕೊಂಡು ಮೊಮ್ಮಗಳ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದರು. ಪಕ್ಕದಲ್ಲಿ, ಮೈದಾ ಹಿಟ್ಟು ಕುದಿಸಿ ಮಾಡಿದ ಖಳದ, ಅಂದರೆ ಅಂಟಿನ, ಬೋಗುಣಿ. ಮೂವತ್ತು ವರ್ಷ ನಮ್ಮೆಲ್ಲರ ಸೇವಾ ಪುಸ್ತಕ ಬರೆದವರು ಅವರು. ನಾನು ನನ್ನ ಹೆಸರು ಹೇಳುವ ಮೊದಲೇ, "ಗಣತ್ಯಾಗ ಕಾಲು ಮುರ್ಕೊಂಡೋರು! ಬರ್ರಿ ಬಾಯಾರ, ಕುಂದರ್ರಿ" ಎಂದರು. ಅವರ ನೆನಪು ಅಷ್ಟು ಗಟ್ಟಿ; ಶಿಕ್ಷಕಿಯರನ್ನು ಬಾಯಾರ ಎನ್ನುವ ರೂಢಿಯೂ ಹಾಗೆಯೇ ಇತ್ತು.

ಹಕೀಕತ್ತು ಕೇಳಿದ ಮೇಲೆ ಮಾತ್ರ ಮುಖ ಬಿಗಿಯಾಯಿತು. ಬಾಳೆಹಣ್ಣಿನ ಚೀಲವನ್ನು ನನ್ನ ಕಡೆಗೇ ಸರಿಸಿದರು.

"ನೋಡ್ರಿ ಬಾಯಾರ, ನಂದು ಪೆನ್ಶನ್ ನಡ್ದದ. ಈಗ ಹೋಗಿ ಹಚ್ಚಿದ್ದು ನಾನೇ ಅಂದ್ರ, ನಾಳೆ ನಂಗೂ ಒಂದು ಲಕೋಟಾ ಬರ್ತದ. ಮುದುಕಗ ಯಾಕ ಎಳೀತೀರಿ? ಮಾಫ್ ಮಾಡ್ರಿ."

ನಾನು ಅಲ್ಲಿಂದ ಎದ್ದುಬಿಡುವವಳಿದ್ದೆ. ಬೇರೆಯವರ ಅಂಜಿಕೆ ನನಗೆ ಬೇಗ ಅರ್ಥವಾಗುತ್ತದೆ. ಚಪ್ಪಲಿ ಮೆಟ್ಟುತ್ತ, ಯಾವ ಉಪಾಯವೂ ಇಲ್ಲದೆ, ಇದ್ದ ಸಂಗತಿಯನ್ನೇ ಹೇಳಿದೆ: "ಇರ್ಲಿ ಬಿಡ್ರಿ ಸಾಹೇಬ್ರ. ಆಡಿಟ್‌ನೋರು ನಿಮ್ಮ ಕೆಲಸಕ್ಕೂ ಹಂಗೇ ಬರದಾರ. 'ಸಂಬಂಧಿಸಿದ ಗುಮಾಸ್ತರು ನಮೂದು ಮಾಡಿರುವುದಿಲ್ಲ' ಅಂತ."

ಖಳದ ಕುಂಚ ಬೋಗುಣಿಯಲ್ಲೇ ನಿಂತಿತು.

"ಯಾರು? ನಾನಾ? ನಾ ನಮೂದು ಮಾಡದ ಬಿಟ್ಟೀನಾ?" ಅವರು ಒಳಗಿನ ಪರದೆಯ ಕಡೆ ತಿರುಗಿ, "ಅರೇ ಸುನೋ ಜೀ, ಕೇಳಿದ್ಯಾ? ನಾ ನಮೂದು ಮಾಡಿಲ್ಲಂತ!" ಎಂದು ಕೂಗಿದರು. ಒಳಗಿನಿಂದ ಅವರ ಹೆಂಡತಿ, "ಮನ್ಯಾಗಿನ ಹಾಲಿನ ಲೆಕ್ಕಾನೂ ಕೆಂಪು ಶಾಯಿಲೆ ಬರ್ಯಾವ್ರು, ಅದು ಬಿಡ್ತಾರಾ?" ಎಂದು ಸಾಕ್ಷಿ ನುಡಿದರು.

ಆಮೇಲೆ ಸಾಹೇಬರು ನಡೆದದ್ದನ್ನು ಹೇಳಿದರು. ಪರಿಷ್ಕರಣೆಯ ವರ್ಷ ಎಲ್ಲ ಶಿಕ್ಷಕರ ಪುಸ್ತಕಕ್ಕೂ ತಖ್ತೆ ಅಂಟಿಸಬೇಕಾಗಿತ್ತು. ಹೊಸ ಪುಸ್ತಕಗಳ ಸರಬರಾಜು ಇರಲಿಲ್ಲ. ಖಾಲಿ ಪುಟ ಉಳಿಸಲು ಅವರದೊಂದು ಪದ್ಧತಿಯಿತ್ತು: ಅರ್ಧ ಬರೆದ ಪುಟದ ಮೇಲೆ ತಖ್ತೆಯ ತಲೆಗೆ ಮಾತ್ರ ಖಳ ಹಚ್ಚಿ ಅಂಟಿಸುವುದು. ಆಗ ಹಾಳೆ ಬಾಗಿಲಿನಂತೆ ಎತ್ತಿ ಕೆಳಗಿನದನ್ನು ಓದಬಹುದು. ಆ ಸಲ ಎರಡೇ ದಿನದಲ್ಲಿ ಮುಗಿಸಬೇಕಾಗಿ ಬಂದು, ಜವಾನರನ್ನು ಕೂಡಿಸಿದ್ದರು.

"ತಲಿಗಷ್ಟೇ ಹಚ್ಚ್ರೋ ಅಂದಿದ್ದೆ. ಗೋಡಿಗಿ ಸುಣ್ಣ ಹೊಡ್ದಂಗ ಮೈತುಂಬ ಬಳದಾರ ಹರಾಮಿಗೋಳು! ನಿಮ್ಮ ಆರ್ಡರು, ನಂಬರು, ತಾರೀಖು, ಎಲ್ಲಾ ಅದರ ಕೆಳಗ ಅದ. ನನ್ನ ಖಳ ಮೈದಾದು, ಉಗಿ ತೋರ್ಸಿದ್ರ ಬಿಡ್ತದ. ನಾಳೆ ಎಷ್ಟ ಗಂಟಿಗಿ ಬರ್ಲಿ?"

ಬಾಳೆಹಣ್ಣಿನ ಚೀಲ ಒಳಗೆ ಹೋಯಿತು.

ಪುಟ ಬಿಡಿಸುವುದಕ್ಕೆ ಕಚೇರಿಯ ಈಗಿನ ಅಧಿಕಾರಿಗಳು ಒಪ್ಪಲು ಮೂರು ದಿನ ತೆಗೆದುಕೊಂಡರು. ಅವರು ಕೆಟ್ಟವರಲ್ಲ, ದಾಖಲೆಗೆ ಕೈ ಹಚ್ಚಿದರೆ ಯಾರ ಮೇಲೆ ಬರುತ್ತದೆ ಎಂದು ಲೆಕ್ಕ ಹಾಕುವವರು. ಕೊನೆಗೆ ನನ್ನ ಅರ್ಜಿಯ ಅಂಚಿನಲ್ಲಿ, ಪಂಚರ ಸಮಕ್ಷಮ ಪುಟ ಬಿಡಿಸಿ ಪಂಚನಾಮೆ ಮಾಡಬೇಕೆಂದು ಬರೆದರು. "ಪಂಚನಾಮೆ ನಾ ಬರೀಲ್ರಿ ಸರ್? ನನ್ನ ಅಕ್ಷರ ಚಂದ ಅವ" ಎಂದು ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. "ನೀವು ಪಾರ್ಟಿ ಇದ್ದೀರಿ ಮೇಡಂ. ನೀವು ಬರೆಯಂಗಿಲ್ಲ, ಮುಟ್ಟಂಗಿಲ್ಲ, ಮಾತಾಡಂಗಿಲ್ಲ. ನಿಂತು ನೋಡ್ರಿ."

ಹಾಗೆಯೇ ನಿಂತೆ. ಅಧಿಕಾರಿಗಳ ಮೇಜಿನ ಮೇಲೆ ಚಹಾ ಕಾಯಿಸುವ ವಿದ್ಯುತ್ ಕೆಟಲಿನಲ್ಲಿ ನೀರು ಕುದಿಯುತ್ತಿತ್ತು. ಅಧೀಕ್ಷಕರು ಮತ್ತು ಇಬ್ಬರು ಗುಮಾಸ್ತರು ಪಂಚರು. ಚಿಕ್ಕ ಗುಮಾಸ್ತೆ ಬರೆದುಕೊಳ್ಳುತ್ತಿದ್ದಳು. ಹಳೇ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸ್ವೆಟರ್ ಹೆಣೆಯುವ ಕಡ್ಡಿಯೊಂದನ್ನು ಮನೆಯಿಂದ ತಂದಿದ್ದರು. ಯಜಮಾನರು ಅವರನ್ನು ಆಟೋದಲ್ಲಿ ಕರೆತಂದವರು ಬಾಗಿಲಲ್ಲೇ ಉಳಿದರು. ಮೂವತ್ತೊಂದನೇ ಪುಟವನ್ನು ಉಗಿಗೆ ಹಿಡಿದಾಗ ನನಗೆ ಹೊಳೆದದ್ದು ಒಂದೇ: ಶಾಯಿ ಹರಡಿದರೆ? ಅದು ಕರಗಿದರೆ ಲೋಕದಲ್ಲಿ ನನ್ನ ಪರವಾಗಿ ಬೇರೆ ಏನೂ ಇರಲಿಲ್ಲ.

"ಆರಾಮ್ಸೆ" ಎಂದು ಸಾಹೇಬರು ತಮಗೆ ತಾವೇ ಹೇಳಿಕೊಳ್ಳುತ್ತ ಕಡ್ಡಿಯನ್ನು ಮೂಲೆಯಲ್ಲಿ ತೂರಿಸಿದರು. ಒಂದು ಬೆರಳಿನಷ್ಟು ಬಿಟ್ಟಿತು. ಮತ್ತೆ ಉಗಿ. ಇನ್ನೊಂದು ಬೆರಳು. ನಡುವೆ ಎಲ್ಲೋ ಕಾಗದ ಚರ್ ಎಂದಿತು; ಎಲ್ಲರೂ ಮೇಜಿನ ಮೇಲೆ ಬಾಗಿದೆವು; ಹರಿದದ್ದು ಮೇಲಿನ ತಖ್ತೆಯ ಖಾಲಿ ಅಂಚು. ಅರ್ಧ ಗಂಟೆಯ ಮೇಲೆ ಹಾಳೆ, ತಲೆಯ ಅಂಟೊಂದನ್ನು ಉಳಿಸಿಕೊಂಡು, ಬಾಗಿಲಿನಂತೆ ಮೇಲೆದ್ದಿತು.

ಕೆಳಗೆ ದುಂಡಗಿನ ಅಕ್ಷರಗಳು ಇದ್ದಹಾಗೇ ಇದ್ದವು. ಕೆಂಪು ಶಾಯಿಯ ಅಡಿಗೆರೆ ಸಮೇತ.

ಅಧೀಕ್ಷಕರು ಗಟ್ಟಿಯಾಗಿ ಓದಿದರು. ಆದೇಶದ ಸಂಖ್ಯೆ, ದಿನಾಂಕ, ಅಂದಿನ ಅಧಿಕಾರಿಗಳ ಸಹಿ. ವೇತನರಹಿತ ರಜೆಯನ್ನು ವೈದ್ಯಕೀಯ ರಜೆಯಾಗಿ ಪರಿವರ್ತಿಸಿದೆ, ವಾರ್ಷಿಕ ಬಡ್ತಿಗೆ ಬಾಧೆಯಿಲ್ಲ. ಹಳೇ ಸಾಹೇಬರು ಕಡ್ಡಿಯನ್ನು ಜೇಬಿಗಿಟ್ಟು, ಕೋಣೆಯ ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡಿದರು. "ನಮೂದು ಅದ, ಅಲ್ರೀ?"

"ಅದ ಸಾಹೇಬ್ರ, ಅದ" ಎಂದರು ಅಧಿಕಾರಿಗಳು ನಗುತ್ತ. ಯಜಮಾನರು ಬಾಗಿಲಲ್ಲಿ ಎರಡೂ ಕೈಯಿಂದ ಚಪ್ಪಾಳೆ ತಟ್ಟಿಬಿಟ್ಟರು. ಗುಮಾಸ್ತೆ ನನ್ನ ಕೈ ಒತ್ತಿದಳು.

ಅಷ್ಟರಲ್ಲಿ ನಾನು ಆ ಸಾಲನ್ನು ನನ್ನ ಕಣ್ಣಿನಿಂದಲೇ ಓದುತ್ತಿದ್ದೆ. ಈಚೆಗೆ ಹತ್ತಿದ ಅಭ್ಯಾಸ. "ನೂರ ನಾಲ್ಕು ದಿನಗಳು" ಎಂದಿತ್ತು.

ನಾನು ರಜೆಯಲ್ಲಿದ್ದದ್ದು ನೂರ ಹನ್ನೆರಡು ದಿನ. ವೈದ್ಯರ ಪತ್ರ ನೂರ ನಾಲ್ಕು ದಿನಕ್ಕೆ ಮುಗಿದಿರಬೇಕು. ಕೊನೆಯ ಎಂಟು ದಿನ ಹೆಜ್ಜೆಯೂರಲು ಹೆದರಿ ಮನೆಯಲ್ಲೇ ಉಳಿದದ್ದು ಈಗ ನೆನಪಾಯಿತು. ಆ ಎಂಟು ದಿನ ವೇತನರಹಿತವೇ. ಆ ಸಂಬಳ ನಿಜವಾಗಿಯೂ ಹೆಚ್ಚಾಗಿ ಬಂದದ್ದು. ಕೋಣೆಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಚಹಾ ತರಲು ಹೇಳಿಯಾಗಿತ್ತು.

ಮಾತಾಡಬಾರದೆಂದು ಅಧಿಕಾರಿಗಳು ಹೇಳಿದ್ದು ನೆನಪಿತ್ತು. ಆದರೂ, "ಸರ್, ಎಂಟ ದಿನ ನಂದು ಬಾಕಿ ಅದ ರೀ" ಎಂದೆ.

ಯಾರಿಗೂ ತಿಳಿಯಲಿಲ್ಲ. ಮತ್ತೆ ಹೇಳಿದೆ. ನೂರ ಹನ್ನೆರಡರಲ್ಲಿ ನೂರ ನಾಲ್ಕು ಕಳೆದರೆ ಎಂಟು. ಅಧೀಕ್ಷಕರು ಸಾಲನ್ನು ತಿರುಗಿ ಓದಿ ತಲೆ ಕೆರೆದುಕೊಂಡರು. ಹಳೇ ಸಾಹೇಬರು ನನ್ನ ಹತ್ತಿರ ಬಾಗಿ, ಎಲ್ಲರಿಗೂ ಕೇಳಿಸುವಷ್ಟು ಪಿಸುಮಾತಿನಲ್ಲಿ, "ಬಾಯಾರ, ನಾ ಅರ್ಧಾ ತಾಸು ಉಗಿ ಕುಡ್ದು ಬಿಡಿಸೀನಿ, ನೀವು ಒಂದ ಮಾತಿಗಿ ಮತ್ತ ಸಿಗಿಸ್ಕೊಂಡ್ರಲ್ರಿ! ಸುಮ್ನ ಇದ್ರ ಏನಾಗ್ತಿತ್ತು?" ಎಂದರು.

"ಸುಮ್ನ ಇದ್ರ ಆ ಮಾತು ಖರೇ ಆಗ್ತಿತ್ರಿ ಸಾಹೇಬ್ರ" ಎಂದೆ.

ಅಧಿಕಾರಿಗಳು ನನ್ನ ಮೇಲಿನ ಆದೇಶವನ್ನು ಕಡತದಿಂದ ತೆಗೆದು ಕೊನೆಯ ಪ್ಯಾರಾವನ್ನು ತಾವಾಗಿ ಓದಿಕೊಂಡರು. ಆಮೇಲೆ ಗುಮಾಸ್ತೆಗೆ, "ಪಂಚನಾಮೆದಾಗ ಇದೂ ಬರಿ ಯವ್ವಾ. ಎಂಟು ದಿನದ ವ್ಯತ್ಯಾಸವನ್ನು ಶಿಕ್ಷಕಿಯೇ ತೋರಿಸಿಕೊಟ್ಟರು ಅಂತ" ಎಂದರು. ನನಗೆ, "ಕುಂದರ್ರಿ ಮೇಡಂ" ಎಂದು ತಮ್ಮ ಎದುರಿನ ಕುರ್ಚಿ ತೋರಿಸಿದರು. ಚಹಾ ಬಂತು. ನನ್ನ ಬಟ್ಟಲಿನಲ್ಲಿ ಅದೇ ಕೆಟಲಿನ ನೀರಿತ್ತೋ ಏನೋ, ಸ್ವಲ್ಪ ಖಳದ ವಾಸನೆ ಇದ್ದಂತಿತ್ತು. ಪೂರ್ತಿ ಕುಡಿದೆ.

ಸಂಖ್ಯೆ ಸಿಕ್ಕ ಮೇಲೆ ಹಳೆಯ ದಫ್ತರಿನ ಕೋಣೆಯಿಂದ ಆದೇಶದ ಕಚೇರಿ ಪ್ರತಿ ಹೊರಬರಲು ಒಂದೂವರೆ ದಿನ ಸಾಕಾಯಿತು. ಗುಮಾಸ್ತೆ ಅದನ್ನು ಧೂಳು ಸಮೇತ ಎತ್ತಿಕೊಂಡು ಫೋನಿನಲ್ಲಿ ಫೋಟೊ ತೆಗೆದು ನನಗೆ ಕಳಿಸಿದ್ದಳು. ಮುಂದಿನ ತಿಂಗಳು ಹೊಸ ಆದೇಶವಾಯಿತು. ಒಂದು ಲಕ್ಷ ಹದಿನೆಂಟು ಸಾವಿರದ ಆರುನೂರರ ವಸೂಲಾತಿ ರದ್ದು. ಎಂಟು ದಿನದ ಸಂಬಳ ಮತ್ತು ಅದರ ಬಡ್ತಿಯ ವ್ಯತ್ಯಾಸ ಸೇರಿ ನಾಲ್ಕು ಸಾವಿರದ ಮುನ್ನೂರು ಮಾತ್ರ ನನ್ನಿಂದ ಬರತಕ್ಕದ್ದು. ಈಗಾಗಲೇ ಕಡಿತವಾದ ಹತ್ತು ಸಾವಿರದಲ್ಲಿ ಅದನ್ನು ಹಿಡಿದುಕೊಂಡು ಉಳಿದ ಐದು ಸಾವಿರದ ಏಳುನೂರನ್ನು ಕಚೇರಿಯೇ ನನಗೆ ಮರಳಿಸಬೇಕು.

ನಾನು ಬೆರಳಿಟ್ಟು ಓದಿದ್ದು ಕೊನೆಯ ಪ್ಯಾರಾವನ್ನು: "ಸದರಿ ಶಿಕ್ಷಕಿಯು ಯಾವುದೇ ವಾಸ್ತವಾಂಶವನ್ನು ಮರೆಮಾಚಿರುವುದಿಲ್ಲ. ಹಿಂದಿನ ಆದೇಶದಲ್ಲಿನ ಸದರಿ ವಾಕ್ಯವನ್ನು ತೆಗೆದುಹಾಕಲಾಗಿದೆ."

ಶಾಲೆಯಲ್ಲಿ ಮುಖ್ಯ ಗುರುಗಳು ಅದನ್ನು ಪ್ರಾರ್ಥನೆಯಾದ ಮೇಲೆ ಎಲ್ಲ ಶಿಕ್ಷಕರ ಎದುರು ಓದಿದರು. ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ, ಆದರೂ ಚಪ್ಪಾಳೆ ಹೊಡೆದರು. ಆ ಸಾಯಂಕಾಲ ಯಜಮಾನರು ಜಗತ್ ಸರ್ಕಲ್ಲಿನಲ್ಲಿ ಆಟೋ ನಿಲ್ಲಿಸಿ ಅರ್ಧ ಕಿಲೋ ಜಿಲೇಬಿ ಕಟ್ಟಿಸಿಕೊಂಡು, ಹಳೇ ಸಾಹೇಬರ ಮನೆಗೆ ಮೊದಲು ಒಯ್ದು, ಉಳಿದದ್ದನ್ನು ಮನೆಗೆ ತಂದರು. ಅಂದು ದೀಪ ಹಚ್ಚುವಾಗ ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಆದೇಶವನ್ನು ತಂದೆಯ ಫೋಟೊದ ಎದುರು ಗಟ್ಟಿಯಾಗಿ ಓದಿದೆ. ಅವರಿಗೆ ಯಾವಾಗಲೂ ಕಾಗದಗಳನ್ನು ನಾನೇ ಓದಿ ಹೇಳುತ್ತಿದ್ದೆ.

ಈ ವಿಷಯ ಇಲ್ಲಿಗೇ ಮುಗಿಯಲಿಲ್ಲ ಎಂಬುದನ್ನೂ ತಿಳಿಸಬೇಕು. ಆ ವರ್ಷ ಜವಾನರು ಖಳ ಬಳಿದದ್ದು ನನ್ನೊಬ್ಬಳ ಪುಸ್ತಕಕ್ಕಲ್ಲ. ನಮ್ಮ ಕಚೇರಿಯಲ್ಲಿ ಇನ್ನೂ ಐವರಿಗೆ ಅಂಥದೇ ಲಕೋಟೆ ಬಂದಿತ್ತು. ಹಳೇ ಸಾಹೇಬರು ಕಡ್ಡಿ ಹಿಡಿದುಕೊಂಡು ಮತ್ತೆರಡು ದಿನ ಬಂದರು. ಮೂವರ ನಮೂದು ಕೆಳಗೆ ಸಿಕ್ಕಿತು. ಇಬ್ಬರದು ನಿಜವಾಗಿಯೂ ಇರಲಿಲ್ಲ, ಅವರು ಬೇರೆ ದಾರಿ ನೋಡಿಕೊಳ್ಳಬೇಕಾಯಿತು. ಸಾಹೇಬರಿಗೆ ಯಾವ ಲಕೋಟೆಯೂ ಹೋಗಲಿಲ್ಲ. ಅವರಿಗಾಗಿ ಅಧಿಕಾರಿಗಳು ಒಂದು ಶಾಲು ತರಿಸಿದರು. ಹೊದಿಸಿಕೊಳ್ಳುವಾಗಲೂ ಅವರು, "ತಲಿಗಷ್ಟೇ ಹಚ್ಚ್ರಿ, ತಲಿಗಷ್ಟೇ" ಎಂದು ಹೊಸ ಜವಾನರಿಗೆ ಹೇಳುತ್ತಿದ್ದರು.

ಆಮೇಲೆ ಸೇವಾ ಪುಸ್ತಕಗಳಿಗೆ ಸಹಿ ಮಾಡುವ ದಿನ ಬಂತು. ನನ್ನ ಪಾಲಿನ ಕೊನೆಯ ಸಹಿ. ಜಗಲಿಯ ಮೇಲೆ ಎಂದಿನಂತೆ ಗುಡ್ಡೆ ಹಾಕಿದ್ದರು, ಭಜಿಯೂ ಬಂದಿತ್ತು. ಆದರೆ ಈ ಸಲ ಯಾರ ಬೆನ್ನ ಮೇಲೂ ಯಾರೂ ಪುಸ್ತಕ ಇಡಲಿಲ್ಲ. ಗೋಡೆಗೆ ಒರಗಿ, ಮೆಟ್ಟಿಲ ಮೇಲೆ, ಬೇವಿನ ಮರದ ಕೆಳಗೆ, ಅರವತ್ತು ಜನ ಶಿಕ್ಷಕರು ತುಟಿ ಆಡಿಸುತ್ತ ಓದುತ್ತಿದ್ದರು. ಕೆಲವರು ಪುಟದ ಮೂಲೆಗಳನ್ನು ಬೆರಳ ನಡುವೆ ಉಜ್ಜಿ ನೋಡುತ್ತಿದ್ದರು. ಭಜಿ ಆರಿ ತಣ್ಣಗಾಯಿತು. ಐದರ ಬಸ್ಸು ಹೋಯಿತು.

"ಮೇಡಂ, ನಿಮ್ಮಿಂದ ನಾ ಮನಿಗಿ ಹೋಗೋದು ರಾತ್ರಿ ಎಂ‌ಟಾಯ್ತು ನೋಡ್ರಿ ಇವತ್ತ" ಎಂದಳು ಗುಮಾಸ್ತೆ. ಸಿಟ್ಟಿನಿಂದೇನೂ ಹೇಳಲಿಲ್ಲ.

ನಾನು ನನ್ನ ಪುಸ್ತಕವನ್ನು ಐದು ಬೆರಳ ಗುರುತಿನ ಪುಟದಿಂದ ಆರಂಭಿಸಿದೆ. ಮೂವತ್ತೊಂದನೇ ಪುಟಕ್ಕೆ ಬಂದಾಗ ತಖ್ತೆಯ ಬಾಗಿಲನ್ನು ಎತ್ತಿ ಕೆಳಗಿನದನ್ನು ಓದಿ, ಮೆಲ್ಲಗೆ ಮುಚ್ಚಿದೆ. ಕೊನೆಯ ಬರಹದ ಪುಟದಲ್ಲಿ ಪೆನ್ಸಿಲಿನ ಗುರುತಿತ್ತು. "ನಮೂದುಗಳನ್ನು ಪರಿಶೀಲಿಸಿದೆ, ಸರಿಯಾಗಿವೆ" ಎಂಬ ಅಚ್ಚಿನ ವಾಕ್ಯದ ಮುಂದೆ ಸ್ವಲ್ಪ ಜಾಗವಿತ್ತು. ಅಲ್ಲಿ, ಇಡೀ ಸೇವೆಯಲ್ಲಿ ಮೊದಲ ಸಲ, ಯಾರನ್ನೂ ಕೇಳದೆ ನಾನಾಗಿಯೇ "ಪೂರ್ತಿ ಓದಿದ್ದೇನೆ" ಎಂದು ಬರೆದು, ಕೆಳಗೆ ಸಹಿ ಮಾಡಿದೆ.